ಎದುರು ಕುರ್ಚಿಯ ಪ್ರಶ್ನೆ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕದ ಓಣಿಯೊಳಗೆ, ತಗಡಿನ ಮಾಡಿನ ಕ್ರೈಸ್ತರ ಒಂದು ಸಣ್ಣ ಪ್ರಾರ್ಥನಾಲಯವಿದೆ. ಅದರ ಮೂಲೆಯಲ್ಲಿ ಒಂದು ಮರದ ಕುರ್ಚಿ ಗೋಡೆಗೆ ಮುಖ ಮಾಡಿ ನಿಂತಿರುತ್ತದೆ. ಈಗ ಅದರ ಮೇಲೆ ಹಾಡಿನ ಪುಸ್ತಕಗಳನ್ನು ಒಟ್ಟುತ್ತಾರೆ. ಹೊಸಬರು ಯಾರಾದರೂ ಪುಸ್ತಕ ಸರಿಸಿ ಕೂರಲು ಹೋದರೆ, ಹಳಬರು ಮೆಲ್ಲಗೆ "ಅದು ಬ್ಯಾಡ್ರಿ, ಈ ಕಡೆ ಕೂಡ್ರಿ" ಎಂದು ಚಾಪೆ ತೋರಿಸುತ್ತಾರೆ. ಆ ಕುರ್ಚಿಯನ್ನು ಅಲ್ಲಿಗೆ ಹೊತ್ತು ತಂದವರು ಸ್ವಾಮಿದಾಸಪ್ಪನವರು. ಕೊನೆಯ ಸಲ ಅದರಲ್ಲಿ ಕುಳಿತವಳು ಅವರ ತಂಗಿ ಸುವಾರ್ತಮ್ಮ.

ಸ್ವಾಮಿದಾಸಪ್ಪನವರು ಪಿ.ಜೆ. ಬಡಾವಣೆಯ ವಕೀಲ ವಾಮದೇವಪ್ಪನವರಲ್ಲಿ ಗುಮಾಸ್ತರು. ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಕಂಕುಳಲ್ಲಿ ಕಡತಗಳ ಗಂಟು, ಜೇಬಿನಲ್ಲಿ ಎರಡು ಬಗೆಯ ಶಾಯಿಯ ಪೆನ್ನು. ಯಾವ ದಾವೆ ಯಾವ ಕೋರ್ಟಿನಲ್ಲಿ ಯಾವ ಹಂತಕ್ಕೆ ಬಂದಿದೆಯೆಂಬುದು ಅವರ ನಾಲಗೆಯ ತುದಿಯಲ್ಲಿರುತ್ತಿತ್ತು. ಅವರ ತಂದೆ ಹತ್ತಿಯ ಗಿರಣಿಯೊಂದರಲ್ಲಿ ಬಾಗಿಲು ಕಾಯುತ್ತಿದ್ದವರು. ಮಕ್ಕಳಿಬ್ಬರಿಗೂ ಮೊಣಕಾಲೂರಿ ಪ್ರಾರ್ಥಿಸುವುದನ್ನೂ ರಾಗವಾಗಿ ಕೀರ್ತನೆ ಹಾಡುವುದನ್ನೂ ಕಲಿಸಿದ್ದರು. ಆ ದೇವರ ಬಗ್ಗೆ ಯಾರಾದರೂ ಕೇಳಿದರೆ ಏನು ಹೇಳಬೇಕೆಂಬುದನ್ನು ಮಾತ್ರ ಕಲಿಸಿರಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ.

ಸ್ವಾಮಿದಾಸಪ್ಪನವರನ್ನು ಕೇಳಿದರು. ಕೋರ್ಟಿಗೆ ರಜೆಯಿದ್ದ ಒಂದು ಮಧ್ಯಾಹ್ನ ಕಚೇರಿಯಲ್ಲಿ ಎಲ್ಲರೂ ಮಂಡಕ್ಕಿ ತಿನ್ನುತ್ತ ಕುಳಿತಿದ್ದಾಗ, ಆಗಿನ್ನೂ ಕಿರಿಯ ವಕೀಲನಾಗಿದ್ದ ನಾಗಭೂಷಣ್ ಮಾತು ತೆಗೆದನು.

"ಸ್ವಾಮಿದಾಸಪ್ಪ, ನಿಮ್ಮ ದೇವ್ರು ತಂದೆ, ಮಗ, ಪವಿತ್ರಾತ್ಮ ಅಂತ ಮೂರು ಮಂದಿ ಅಂತೀರಿ, ಮತ್ತೆ ಒಬ್ನೇ ಅಂತೀರಿ. ಊಟಕ್ಕೆ ಕರೆದ್ರೆ ಎಷ್ಟು ಎಲಿ ಹಾಕ್ಬೇಕ್ರಿ?"

ಎಲ್ಲರೂ ನಕ್ಕರು. ವಾಮದೇವಪ್ಪನವರು ಸಜ್ಜನರು, "ಸುಮ್ನಿರೋ ನಾಗಭೂಷಣ" ಎಂದರು, ಆದರೆ ಅವರ ಹೊಟ್ಟೆಯೂ ಕುಲುಕುತ್ತಿತ್ತು. ಸ್ವಾಮಿದಾಸಪ್ಪನವರೂ ನಕ್ಕರು. ಅವರನ್ನು ಚುಚ್ಚಿದ್ದು ನಾಗಭೂಷಣನ ಮಾತಲ್ಲ, ತಮ್ಮ ಆ ನಗು. ತಂದೆ ಮೊಣಕಾಲೂರಿದ ಜಾಗವನ್ನು ತಾವೇ ತುಳಿದಂತೆ ಆಯಿತು. ಆ ಸಂಜೆ ಹೆಂಡತಿ ಲೀಲಮ್ಮ ಬಡಿಸಿದ ರೊಟ್ಟಿ ತಟ್ಟೆಯಲ್ಲೇ ಆರಿತು.

ಅದೇ ವರ್ಷ ಹರಿಹರದಲ್ಲಿ, ಕ್ರೈಸ್ತ ಸಭೆಗಳಲ್ಲಿ ಸೇವೆ ಮಾಡುವವರಿಗಾಗಿ ಕೆಲವು ದಿನಗಳ ತರಗತಿಯೊಂದು ನಡೆಯಿತು. ಪಾಠ ಹೇಳಲು ಮಂಗಳೂರು ಕಡೆಯಿಂದ ವಯಸ್ಸಾದ ಗುರುಗಳೊಬ್ಬರು ಬಂದಿದ್ದರು. ಅವರು ತೆಗೆದುಕೊಂಡ ವಿಷಯ ವಿಶ್ವಾಸದ ಸಮರ್ಥನೆ. ಈ ವಿದ್ಯೆಯ ಹೆಸರು ಹುಟ್ಟಿದ್ದು ದೇವಾಲಯದಲ್ಲಲ್ಲ, ನ್ಯಾಯಸ್ಥಾನದಲ್ಲಿ ಎಂದು ಅವರು ಆರಂಭಿಸಿದರು. ಗ್ರೀಕರ ನಾಡಿನಲ್ಲಿ ಒಬ್ಬನ ಮೇಲೆ ಆಪಾದನೆ ಬಂದರೆ, ಅವನು ಎದ್ದು ನಿಂತು ತನ್ನ ಪರವಾಗಿ ಕೊಡುತ್ತಿದ್ದ ಮರುಮಾತಿಗೆ 'ಅಪೊಲೊಗಿಯ' ಎಂದು ಹೆಸರು. ಮೊದಲ ಕಾಲದ ಕ್ರೈಸ್ತರ ಮೇಲೆ ಆಪಾದನೆಗಳಿಗೇನೂ ಕಡಮೆಯಿರಲಿಲ್ಲ. ವಿಗ್ರಹಗಳಿಲ್ಲ, ಆದುದರಿಂದ ಇವರು ನಾಸ್ತಿಕರು. ಬಾಗಿಲು ಮುಚ್ಚಿಕೊಂಡು ಮನುಷ್ಯರ ಮಾಂಸ ತಿಂದು ರಕ್ತ ಕುಡಿಯುತ್ತಾರೆ. ಚಕ್ರವರ್ತಿಯ ಪ್ರತಿಮೆಗೆ ಧೂಪ ಹಾಕುವುದಿಲ್ಲ, ಆದುದರಿಂದ ರಾಜದ್ರೋಹಿಗಳು. ಇಂತಹ ಮಾತುಗಳಿಗಾಗಿ ಜನ ಮೃಗಗಳ ಬಾಯಿಗೆ ಬೀಳುತ್ತಿದ್ದಾಗ, ಅವರಲ್ಲೇ ಓದು ಬಲ್ಲ ಕೆಲವರು ಚಕ್ರವರ್ತಿಗೆ ಬಿನ್ನಹ ಬರೆದರು. ನಮ್ಮ ನಡತೆಯನ್ನು ವಿಚಾರಿಸಿ, ತಪ್ಪು ಕಂಡರೆ ದಂಡಿಸಿ, ಹೆಸರೊಂದಕ್ಕಾಗಿಯೇ ಕೊಲ್ಲಬೇಡಿ ಎಂಬುದು ಅದರ ಸಾರ. ಅದಕ್ಕೂ ಹಿಂದೆ, ಚದುರಿ ಹೋಗಿದ್ದ ಸಭೆಗಳಿಗೆ ಹಿರಿಯ ಶಿಷ್ಯನೊಬ್ಬನು ಬುದ್ಧಿ ಹೇಳಿದ್ದನು: ನಿಮ್ಮ ಭರವಸೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸದಾ ಸಿದ್ಧರಾಗಿರಬೇಕು, ಆ ಉತ್ತರ ಮೃದುವಾಗಿಯೂ ಮರ್ಯಾದೆಯಿಂದಲೂ ಇರಬೇಕು ಎಂದು. ಈ ವಿದ್ಯೆಯ ಬೇರು ಇಲ್ಲಿದೆ ಎಂದರು ಗುರುಗಳು.

ಸ್ವಾಮಿದಾಸಪ್ಪನವರ ಮೈ ಜುಮ್ಮೆಂದಿತು. ಆಪಾದನೆ, ಮರುಮಾತು, ಬಿನ್ನಹ: ಇದೆಲ್ಲ ತಮ್ಮ ಕಸುಬೇ ಅಲ್ಲವೆ? ಕೈಯೆತ್ತಿ, ಆ ಬಿನ್ನಹ ಓದಿ ಚಕ್ರವರ್ತಿ ಜನರನ್ನು ಬಿಟ್ಟನೇ ಎಂದು ಕೇಳಿದರು. ಇಲ್ಲ, ಬರೆದವರಲ್ಲೊಬ್ಬನ ತಲೆಯೂ ಹೋಯಿತು ಎಂದು ಗುರುಗಳು ಉತ್ತರಿಸಿದರು.

ಆಗ ಬಾಗಿಲ ಬಳಿಯಿಂದ ಒಂದು ಹೆಣ್ಣುದನಿ ಬಂದಿತು. ಸುವಾರ್ತಮ್ಮ ಹರಿಹರಕ್ಕೆ ಮದುವೆಯಾಗಿ ಬಂದವಳು. ಗಂಡ ದಯಾನಂದನು ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದನು. ತರಗತಿಯವರಿಗೆ ಚಹಾ ಕೊಡುವ ಕೆಲಸವನ್ನು ಅವಳು ವಹಿಸಿಕೊಂಡಿದ್ದಳು. ಸೊಂಟದಲ್ಲಿ ಕೂಸು, ಕೈಯಲ್ಲಿ ಚಹಾದ ತಟ್ಟೆ.

"ಸತ್ತೋರ ಮನೆಯೋರಿಗೆ ಏನು ಬರೆದ್ರು ಗುರುಗಳೆ?"

"ಅವರಿಗೇನೂ ಬರೀಲಿಲ್ಲಮ್ಮ" ಎಂದರು ಗುರುಗಳು. "ಬರೆದದ್ದೆಲ್ಲ ಚಕ್ರವರ್ತಿಗೆ. ಮನೆಯವರ ಹತ್ತಿರ ಹೋಗಿ ಕೂತಿದ್ದಿರಬೇಕು."

ಸ್ವಾಮಿದಾಸಪ್ಪನವರ ಕಿವಿಗೆ ಆ ಮಾತು ಬಿತ್ತು, ಒಳಗೆ ಇಳಿಯಲಿಲ್ಲ. ಅವರಾಗಲೇ ಮುಂದಿನ ಪ್ರಶ್ನೆಗೆ ಕೈಯೆತ್ತಿದ್ದರು.

ಊರಿಗೆ ಬಂದವರೇ ವಾಮದೇವಪ್ಪನವರ ಕಚೇರಿಯಲ್ಲಿ ಮೂಲೆಗೆ ಬಿದ್ದಿದ್ದ ಒಂದು ಹಳೆಯ ಕುರ್ಚಿಯನ್ನು ಕೇಳಿ ಪಡೆದು ಪ್ರಾರ್ಥನಾಲಯಕ್ಕೆ ತಂದರು. ತಿಂಗಳ ಕೊನೆಯ ಭಾನುವಾರ ಆರಾಧನೆ ಮುಗಿದ ಮೇಲೆ 'ಪಾಟೀಸವಾಲು' ನಡೆಯತೊಡಗಿತು. ಕೋರ್ಟಿನಲ್ಲಿ ಎದುರು ಪಕ್ಷದ ವಕೀಲನು ಸಾಕ್ಷಿಯನ್ನು ಕೆದಕಿ ಕೆದಕಿ ಕೇಳುವುದಕ್ಕೆ ಆ ಹೆಸರು. ಸಭೆಯವರಲ್ಲಿ ಒಬ್ಬರು ಎದುರು ಕುರ್ಚಿಯಲ್ಲಿ ಕುಳಿತು ವಿಶ್ವಾಸವನ್ನು ಹಳಿಯಬೇಕು, ಗೇಲಿ ಮಾಡಬೇಕು. ಸ್ವಾಮಿದಾಸಪ್ಪನವರು ನಿಂತು ಉತ್ತರ ಕೊಡಬೇಕು. ಅದಕ್ಕೊಂದು ಕಟ್ಟಳೆಯನ್ನೂ ಮಾಡಿದರು. ಎದುರು ಕುರ್ಚಿಯಿಂದ ಬಂದ ಪ್ರಶ್ನೆ ಕುರ್ಚಿಯದೇ ಹೊರತು ಕುಳಿತವರದಲ್ಲ. ಎದ್ದ ಮೇಲೆ ಅದನ್ನು ಯಾರೂ ಮನಸ್ಸಿನಲ್ಲಿಟ್ಟುಕೊಳ್ಳಬಾರದು, ಹೊರಗೆ ಆಡಬಾರದು. ಕೊನೆಯಲ್ಲಿ ಸ್ವಾಮಿದಾಸಪ್ಪನವರು ಗಂಟಲು ಸರಿಮಾಡಿಕೊಂಡು "ದಾವಾ ಖರ್ಚುಸಮೇತ ವಜಾ" ಎಂದು ತೀರ್ಪು ಹೇಳುವರು. ಸೋತವರು ತೆರಬೇಕಾದ ಖರ್ಚೆಂದರೆ, ಎದ್ದು ಹಿಂದಿನ ಚಪ್ಪರಕ್ಕೆ ಹೋಗಿ ಸಭೆಗೆಲ್ಲ ಚಹಾ ಕಾಯಿಸಿ ತಂದು ಕೊಡುವುದು. ಆಟವೆಂದರೆ ಆಟ, ಪಾಠವೆಂದರೆ ಪಾಠ. ಆಟೊ ಓಡಿಸುವವರು, ಹೊಲಿಗೆಯವರು, ಮನೆಗೆಲಸಕ್ಕೆ ಹೋಗುವ ಹೆಂಗಸರು ಎಲ್ಲರೂ ಬರುತ್ತಿದ್ದರು. ಕೆಲಸದ ಜಾಗದಲ್ಲಿ ತಲೆತಗ್ಗಿಸಿ ನಕ್ಕು ಸುಮ್ಮನಾಗುತ್ತಿದ್ದವರು ಈಗ ಎರಡು ಮಾತು ಆಡುವುದನ್ನು ಕಲಿತರು. ನಾಗಭೂಷಣನೂ ಒಂದು ದಿನ ತನ್ನ ಎಲೆಯ ಪ್ರಶ್ನೆಗೆ ನಿಧಾನವಾದ ಉತ್ತರ ಕೇಳಿಸಿಕೊಂಡು, "ವಕೀಲಿ ಸನ್ನದು ತಗೊಂಡಿದ್ರೆ ನಮ್ಮ ಅನ್ನ ಕಿತ್ಕೊಳ್ತಿದ್ರಿ" ಎಂದನು. ಸಭೆಯವರು ಸ್ವಾಮಿದಾಸಪ್ಪನವರನ್ನು 'ವಕೀಲಣ್ಣ' ಎಂದು ಕರೆಯತೊಡಗಿದರು. ಅವರ ಬದುಕಿನ ಅತ್ಯಂತ ಸುಖದ ವರ್ಷಗಳು ಅವು.

ಎದುರು ಕುರ್ಚಿಯಲ್ಲಿ ಸುವಾರ್ತಮ್ಮನಷ್ಟು ಚೆನ್ನಾಗಿ ಕೂರುವವರು ಬೇರೊಬ್ಬರಿರಲಿಲ್ಲ. ತಿಂಗಳ ಕೊನೆಯ ಭಾನುವಾರ ಮಗಳನ್ನು ಕರೆದುಕೊಂಡು ಹರಿಹರದಿಂದ ಬಸ್ಸಿನಲ್ಲಿ ಬರುವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲ ಮೇಲೆ ಕಾಲು ಹಾಕಿ, "ಏನ್ರಿ ವಕೀಲಣ್ಣಾರೆ, ನಿಮ್ಮ ದೇವ್ರು ನೀರನ್ನ ದ್ರಾಕ್ಷಾರಸ ಮಾಡಿದ ಅಂತೀರಲ್ಲ, ಈಗ ನಮ್ಮ ನಲ್ಲಿಗೆ ಬರೀ ನೀರಾದ್ರೂ ಬಿಡ್ಸಿ ನೋಡಾನ" ಎಂದು ಶುರುಮಾಡಿದರೆ ಚಾಪೆಯ ಮೇಲೆ ಕುಳಿತವರು ಹೊಟ್ಟೆ ಹಿಡಿದುಕೊಳ್ಳುವರು. ಮಗಳು ಶಾರೋನ್ ಹಾಡಿಗೆ ಬಾರಿಸುವ ಡೋಲಕ್ಕಿನ ಬಳಿ ಕುಳಿತಿರುವಳು. ಮಾಮ ವಜಾ ಎಂದೊಡನೆ ಅವಳು ಅದರ ಮೇಲೆ ಎರಡು ಪೆಟ್ಟು ಹಾಕಿ, "ಅಮ್ಮಂಗೆ ಖರ್ಚು, ಅಮ್ಮಂಗೆ ಖರ್ಚು" ಎಂದು ಕುಣಿಯುವಳು. ಸುವಾರ್ತಮ್ಮ ಸೋತ ಮುಖ ಮಾಡಿಕೊಂಡು ಚಹಾಕ್ಕೆ ಏಳುವಳು. ಸೊಂಟದ ಕೂಸು ಹೀಗೆ ಡೋಲಕ್ಕಿನ ಹಿಂದೆಯೇ ಬೆಳೆದು ಎಂಟನೆಯ ತರಗತಿಗೆ ಬಂದಿತು.

ಆ ಮಳೆಗಾಲದಲ್ಲಿ ಶಾರೋನಳಿಗೆ ಜ್ವರ ಬಂದಿತು. ಡೆಂಗಿ ಎಂದರು. ಹರಿಹರದಿಂದ ದಾವಣಗೆರೆಗೆ ತಂದರು. ಸಭೆಯವರೆಲ್ಲ ಉಪವಾಸ ಕುಳಿತು ಪ್ರಾರ್ಥಿಸಿದರು. ಕೆಲವರು ಕೂಲಿಯನ್ನೇ ಬಿಟ್ಟು ಬಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಸ್ವಾಮಿದಾಸಪ್ಪನವರು ತಂಗಿಯ ಭುಜ ಹಿಡಿದು, ಇಷ್ಟು ಜನ ಕೇಳುತ್ತಿರುವಾಗ ಆತನು ಕೊಡದೆ ಇರುವುದಿಲ್ಲ ಎಂದು ಧೈರ್ಯ ಹೇಳಿದರು. ಹುಡುಗಿ ಉಳಿಯಲಿಲ್ಲ.

ಹರಿಹರದಲ್ಲಿ ಮಣ್ಣು ಮಾಡುವಾಗ ಸುವಾರ್ತಮ್ಮ ಅಳಲಿಲ್ಲ. ಪೆಟ್ಟಿಗೆ ಇಳಿಸುವ ಹೊತ್ತಿಗೆ, ಯಾರನ್ನೂ ನೋಡದೆ, "ಯಾಕ?" ಎಂದಳು. ಪಕ್ಕದಲ್ಲಿದ್ದ ಹಿರಿಯ ಹೆಂಗಸರು ಅವಳ ಬಾಯಿಗೆ ಕೈ ಅಡ್ಡವಿಟ್ಟರು. ಹಾಗನ್ನಬಾರದು, ಅದು ಪಾಪ, ಕೊಟ್ಟವನೇ ತೆಗೆದುಕೊಂಡ ಎಂದು ಸಮಾಧಾನ ಹೇಳಿದರು. ಮರುದಿನ ಮನೆಯಲ್ಲಿ ಮತ್ತೆ ಕೇಳಿದಾಗ ಬಂದವರೂ ಅದನ್ನೇ ಹೇಳಿದರು. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು.

ಕೆಲವು ತಿಂಗಳ ಕಾಲ ಪಾಟೀಸವಾಲು ನಿಂತಿತ್ತು. ಮತ್ತೆ ಆರಂಭಿಸಿದ ಭಾನುವಾರ ಸುವಾರ್ತಮ್ಮ ಒಬ್ಬಳೇ ಬಂದಳು. ಆರಾಧನೆ ಮುಗಿಯಿತು. ಎದುರು ಕುರ್ಚಿಗೆ ಇಂದು ಯಾರು ಎಂದು ಕೇಳುವ ಮೊದಲೇ ಅವಳು ಎದ್ದು ಹೋಗಿ ಕುಳಿತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲ ಮೇಲೆ ಕಾಲು ಹಾಕಿದಳು. ಜನರ ಮುಖ ಅರಳಿತು. ಪಾಪ, ಚೇತರಿಸಿಕೊಂಡಳು, ಮೊದಲಿನ ಹಾಗೆ ಆದಳು ಎಂದು ಒಬ್ಬರಿಗೊಬ್ಬರು ಪಿಸುಗುಟ್ಟಿದರು. ಸ್ವಾಮಿದಾಸಪ್ಪನವರ ಎದೆಯಿಂದಲೂ ಒಂದು ಭಾರ ಇಳಿಯಿತು.

ಅವಳ ದನಿಯೂ ಮೊದಲಿನದೇ ಆಗಿತ್ತು, ಅದೇ ಕೊಂಕು, ಅದೇ ಎಳೆತ.

"ಏನ್ರಿ ವಕೀಲಣ್ಣಾರೆ. ಮಗು ಉಳೀಲಿ ಅಂತ ಊರ ಮಂದಿ ಉಪಾಸ ಕುಂತು ಕೇಳಿದ್ರು. ಮ್ಯಾಲಿದ್ದೋನು ಸುಮ್ನೆ ಇದ್ದ. ಅವಂಗೆ ಕೇಳಿಸ್ಲಿಲ್ಲ ಅಂತೀರೋ, ಕೈಲಾಗ್ಲಿಲ್ಲ ಅಂತೀರೋ, ಇಲ್ಲಾ ಮನಸಾಗ್ಲಿಲ್ಲ ಅಂತೀರೋ?"

ಅರೆಗಳಿಗೆ ಸ್ವಾಮಿದಾಸಪ್ಪನವರ ಒಳಗೆ ಏನೋ ಎಡವಿತು. ಆದರೆ ಪ್ರಶ್ನೆ ಎಷ್ಟು ಚೆನ್ನಾಗಿತ್ತೆಂದರೆ, ಅದರ ಮೂರು ಕವಲುಗಳು ಎಷ್ಟು ಕಟ್ಟುನಿಟ್ಟಾಗಿದ್ದವೆಂದರೆ, ಅವರ ಗುಮಾಸ್ತಿಕೆಯ ಮನಸ್ಸು ಆಗಲೇ ಒಂದೊಂದಕ್ಕೂ ಜವಾಬು ಜೋಡಿಸತೊಡಗಿತ್ತು. ಕುರ್ಚಿಯ ಪ್ರಶ್ನೆ ಕುರ್ಚಿಯದು. ಕಟ್ಟಳೆ ಮಾಡಿದವರು ಅವರೇ.

ಅವರು ಅಂದಿನಷ್ಟು ಚೆನ್ನಾಗಿ ಎಂದೂ ಮಾತನಾಡಿರಲಿಲ್ಲ. ಮೂರು ಆಪಾದನೆಗಳನ್ನೂ ಬಿಡಿಬಿಡಿಯಾಗಿ ಎತ್ತಿಕೊಂಡರು. ಕೇಳಿಸಲಿಲ್ಲವೆಂಬುದು ಸಲ್ಲದು, ಉತ್ತರ ಬಾರದಿರುವುದು ಕೇಳದಿರುವುದಕ್ಕೆ ಸಾಕ್ಷಿಯಲ್ಲ. ಕೈಲಾಗಲಿಲ್ಲವೆಂಬುದೂ ಸಲ್ಲದು, ಲೋಕವನ್ನು ಅದರದೇ ನಿಯಮಕ್ಕೆ ಬಿಟ್ಟವನು ಒಂದೊಂದು ಸೊಳ್ಳೆಯನ್ನೂ ಕೈಯಾರೆ ತಡೆಯಬೇಕೆಂದು ಹೇಳುವುದು ನ್ಯಾಯವಲ್ಲ. ಇನ್ನು ಮನಸ್ಸಿನ ಮಾತು. ತನ್ನ ಮಗನನ್ನೇ ಶಿಲುಬೆಗೆ ಬಿಟ್ಟುಕೊಟ್ಟವನಿಗೆ ಮಕ್ಕಳನ್ನು ಕಳೆದುಕೊಂಡವರ ನೋವು ತಿಳಿಯದು ಎಂದು ಯಾರು ತಾನೆ ಹೇಳಬಲ್ಲರು? ಈ ಕೊನೆಯ ಮಾತು ಹೇಳುವಾಗ ಅವರ ಕಣ್ಣು ತುಂಬಿತ್ತು. ಆದರೆ ಅವರು ನೋಡುತ್ತಿದ್ದುದು ಸಭೆಯ ಕಡೆಗೆ. ವಾದ ಮಾಡುವವರು ಸಾಕ್ಷಿಯ ಕಟಕಟೆಯ ಕಡೆ ನೋಡುವುದಿಲ್ಲ, ನ್ಯಾಯಾಧೀಶರ ಪೀಠದ ಕಡೆ ನೋಡುತ್ತಾರೆ. ಅಷ್ಟು ವರ್ಷ ಕೋರ್ಟಿನಲ್ಲಿ ಅವರು ಕಂಡು ಕಲಿತದ್ದು ಅದನ್ನೇ.

ಸಭೆ ಒಕ್ಕೊರಲಿನಿಂದ ಆಮೆನ್ ಎಂದಿತು.

ಸುವಾರ್ತಮ್ಮ ಎಲ್ಲವನ್ನೂ ಕೇಳಿದಳು. "ಅಂದ್ರೆ ನನ್ನ ದಾವಾ ವಜಾನಾ ಅಣ್ಣ?" ಎಂದಳು.

ಎಂದೂ ಅವಳು ಕುರ್ಚಿಯಲ್ಲಿದ್ದಾಗ ಬರೀ ಅಣ್ಣ ಎಂದವಳಲ್ಲ. ಸ್ವಾಮಿದಾಸಪ್ಪನವರು ಅದನ್ನು ಗಮನಿಸಲಿಲ್ಲ. ಉತ್ಸಾಹದಲ್ಲಿದ್ದರು. ಗಂಟಲು ಸರಿಮಾಡಿಕೊಂಡು, "ಖರ್ಚುಸಮೇತ ವಜಾ" ಎಂದರು. ಜನ ನಕ್ಕರು. ಡೋಲಕ್ಕಿನ ಬಳಿ ಯಾರೂ ಇರಲಿಲ್ಲ. ಹಿರಿಯರೊಬ್ಬರು ಕೈಚಾಚಿ ಅದರ ಮೇಲೆ ಎರಡು ಪೆಟ್ಟು ಹಾಕಿದರು.

ಸುವಾರ್ತಮ್ಮ ಎದ್ದಳು. ಹಿಂದಿನ ಚಪ್ಪರಕ್ಕೆ ಹೋಗಿ ಒಲೆ ಹೊತ್ತಿಸಿದಳು. ಚಹಾ ಸೋಸಿ, ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು, ಸಾಲುಸಾಲಾಗಿ ಎಲ್ಲರಿಗೂ ಬಗ್ಗಿ ಬಗ್ಗಿ ಕೊಟ್ಟಳು. ಸ್ವಾಮಿದಾಸಪ್ಪನವರಿಗೂ ಕೊಟ್ಟಳು. ಸಕ್ಕರೆ ಸರಿಯಾಗಿತ್ತು. ಅವರು ಕುಡಿದು, ಚೆನ್ನಾಗಿದೆ ಎಂದರು.

ಹಿಂತಿರುಗುವಾಗ ಲೀಲಮ್ಮ ಸ್ಕೂಟರಿನ ಹಿಂದೆ ಕುಳಿತಿದ್ದಳು. ಮನೆಯ ಮುಂದೆ ಇಳಿದ ಮೇಲೆ, "ಅದು ಆಟ ಆಗಿರ್ಲಿಲ್ಲ ರೀ" ಎಂದಳು. "ನಾನು ಲೋಟ ತೊಳ್ಯಾಕೆ ಹಿಂದೆ ಹೋಗಿದ್ದೆ. ನಿಮ್ಮ ತಂಗಿ ಕುದಿಯೋ ಚಾ ಕೈಮ್ಯಾಲೆ ಚೆಲ್ಕೊಂಡ್ಲು. ಸುಟ್ಟಿದ್ದೂ ಗೊತ್ತಾಗ್ಲಿಲ್ಲ ಅವ್ಳಿಗೆ."

ಸ್ವಾಮಿದಾಸಪ್ಪನವರು ಸ್ಕೂಟರಿನ ಕೀಲಿ ತೆಗೆಯದೆ ನಿಂತೇ ಇದ್ದರು.

ಮುಂದಿನ ತಿಂಗಳು ಅವಳು ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಯಾವ ಭಾನುವಾರವೂ ಬರಲಿಲ್ಲ. ಫೋನು ಮಾಡಿದರೆ ದಯಾನಂದನು ಎತ್ತಿಕೊಂಡು, ಮಲಗಿದ್ದಾಳೆ ಭಾವ ಎನ್ನುವನು. ಸಭೆಯಲ್ಲಿ ಕೆಲವರು ಅವಳ ವಿಶ್ವಾಸ ತಣ್ಣಗಾಯಿತೆಂದರು. ಸ್ವಾಮಿದಾಸಪ್ಪನವರು ಪಾಟೀಸವಾಲು ನಿಲ್ಲಿಸಿದರು. ಕುರ್ಚಿಯನ್ನು ತಾವೇ ಗೋಡೆಗೆ ತಿರುಗಿಸಿದರು. ಅವರಿಗೆ ಈಗ ಬೇಕಾಗಿದ್ದುದು ಒಂದೇ. ತಾಯಿತಂದೆ ಹೋದ ಮೇಲೆ ಒಡಹುಟ್ಟಿದವಳೆಂದು ಉಳಿದವಳು ಇವಳೊಬ್ಬಳು; ಅವಳು ಮತ್ತೆ ತಮ್ಮನ್ನು ಅಣ್ಣ ಎಂದು ನೋಡಬೇಕು. ಹಳೆಯ ಗುರುಗಳು ಬಾಗಿಲ ಬಳಿಯ ಹೆಣ್ಣುಮಗಳಿಗೆ ಹೇಳಿದ ಮಾತು ಅಷ್ಟು ವರ್ಷಗಳ ಮೇಲೆ ಅವರಿಗೆ ಈಗ ಕೇಳಿಸಿತು. ಹೋಗಿ ಕೂರಬೇಕು. ಅಷ್ಟೆ.

ಒಂದು ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ತಮಗೆ ತಾವೇ ಬುದ್ಧಿ ಹೇಳಿಕೊಂಡರು: ಏನೂ ಹೇಳಬಾರದು, ಸುಮ್ಮನೆ ಕೂತು ಬರಬೇಕು.

ತುಂಗಭದ್ರೆಯ ಕಡೆಗೆ ಇಳಿಯುವ ಓಣಿಯಲ್ಲಿ ಸುವಾರ್ತಮ್ಮನ ಮನೆ. ಪಡಸಾಲೆಯಲ್ಲಿ ಪಕ್ಕದ ಮನೆಯ ಮಾಬೂಬೀ ಮೊರದ ತುಂಬ ಬೆಳ್ಳುಳ್ಳಿ ಹಾಕಿಕೊಂಡು ಸುಲಿಯುತ್ತ ಕುಳಿತಿದ್ದಳು. ಅವಳು ದಿನವೂ ತನ್ನ ಮನೆಯ ಕೆಲಸವನ್ನು ಹೊತ್ತುಕೊಂಡು ಇಲ್ಲಿಗೆ ಬಂದು ಕೂರುತ್ತಾಳೆಂದು ದಯಾನಂದನು ಹೇಳಿದ್ದನು. ಇಬ್ಬರೂ ಮಾತಾಡುತ್ತಿರಲಿಲ್ಲ. ಸುವಾರ್ತಮ್ಮನೂ ಮೊರಕ್ಕೆ ಕೈ ಹಾಕಿ ಸುಲಿಯುತ್ತಿದ್ದಳು.

"ಬರ್ರಿ, ಕೂಡ್ರಿ" ಎಂದು ಮಾಬೂಬೀ ಜಾಗ ಬಿಟ್ಟು ಏಳಹೋದಳು. ಸುವಾರ್ತಮ್ಮ ಅವಳ ಸೆರಗು ಹಿಡಿದು ಕೂರಿಸಿದಳು.

ಸ್ವಾಮಿದಾಸಪ್ಪನವರು ಕುಳಿತರು. ಗೋಡೆಯ ಮೇಲೆ ಶಾರೋನಳ ಶಾಲೆಯ ಭಾವಚಿತ್ರ. ತಂಗಿಯ ಮಣಿಕಟ್ಟಿನ ಮೇಲೆ ಸುಟ್ಟ ಕಲೆ. ತಾವು ಕುಡಿದು ಚೆನ್ನಾಗಿದೆ ಎಂದ ಚಹಾ ಅದು.

"ಅವತ್ತು ನಂಗೆ ಗೊತ್ತಾಗ್ಲಿಲ್ಲ ಸುವಾರ್ತಾ" ಎಂದರು.

ಸುವಾರ್ತಮ್ಮ ತಲೆಯೆತ್ತದೆ ಇನ್ನೊಂದು ಎಸಳು ಸುಲಿದಳು.

"ಮಣ್ಣು ಮಾಡೋವಾಗ ಯಾಕ ಅಂದೆ, ಪಾಪ ಅಂದ್ರು. ಮನ್ಯಾಗ ಅಂದೆ, ಬಾಯಿ ಮುಚ್ಚಿದ್ರು. ನಿನ್ನ ಕುರ್ಚಿ ಒಂದೈತಲ್ಲ, ಅಲ್ಲಿ ಏನು ಬೇಕಾದ್ರೂ ಕೇಳ್ಬಹುದು ಅಂತ ನೀನೇ ಅಂದಿದ್ದೆ. ಅದಕ್ಕೇ ಬಂದೆ ಅಣ್ಣ. ಬಸ್ಸಿನಾಗ ಬರ್ತಾ ಅಂದ್ಕೊಂಡೆ, ಅಣ್ಣ ಎದ್ದು ಬಂದು ನನ್ನ ಕುರ್ಚಿಯಿಂದ ಇಳಿಸ್ತಾನೆ ಅಂತ."

ಮಾಬೂಬೀಯ ಕೈ ನಿಂತಿತು. ಮತ್ತೆ ನಡೆಯಿತು.

ಸ್ವಾಮಿದಾಸಪ್ಪನವರು ಅವಳ ಪಕ್ಕಕ್ಕೆ ಸರಿದು ಮೊರದಿಂದ ಒಂದು ಬೆಳ್ಳುಳ್ಳಿ ಗೆಡ್ಡೆ ತೆಗೆದುಕೊಂಡರು. ಇನ್ನು ಏನೂ ಬೇಕಾಗಿರಲಿಲ್ಲ. ಹಾಗೆಯೇ ಸುಲಿಯುತ್ತ ಕುಳಿತಿದ್ದರೆ ಸಾಕಾಗಿತ್ತು. ಅವಳು ಮೊದಲ ಬಾರಿಗೆ ಅವರ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತುಟಿ ಅಲುಗಿತು.

"ಈಗಾದ್ರೂ ಹೇಳು" ಎಂದಳು, ಬಹಳ ಮೆಲ್ಲಗೆ. "ಯಾಕಂತ?"

ಹೇಳಬಾರದೆಂದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲ ತಂಗಿ ಎಂಬ ಎರಡು ಮಾತು ಸಾಕೆಂದೂ ಗೊತ್ತಿತ್ತು. ಆದರೆ ಯಾರ ಪ್ರಶ್ನೆಗೂ ಗೊತ್ತಿಲ್ಲ ಎನ್ನದೆ ಅಷ್ಟು ವರ್ಷ ಕಳೆದ ನಾಲಗೆ ಅವರ ಮಾತು ಕೇಳಲಿಲ್ಲ. ನೋಯುತ್ತಿರುವವಳನ್ನು ಬರಿಗೈಯಲ್ಲಿ ಹೇಗೆ ಬಿಡುವುದು ಎಂಬ ಅಕ್ಕರೆಯಿಂದಲೇ ಅವರು ಬಾಯಿ ತೆರೆದರು.

"ನೋಡು ಸುವಾರ್ತಾ, ಇದನ್ನ ಎರಡು ರೀತಿಯಾಗಿ ನೋಡ್ಬೇಕು. ಮೊದಲ್ನೇದು…"

ಸುವಾರ್ತಮ್ಮ ಮಡಿಲಿನ ಸಿಪ್ಪೆಯನ್ನು ಮೊರಕ್ಕೆ ಕೊಡವಿದಳು. ಮೊಣಕಾಲ ಮೇಲೆ ಕೈಯೂರಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಒಲೆ ಹೊತ್ತಿದ ಸದ್ದು ಕೇಳಿತು, ಪಾತ್ರೆಗೆ ನೀರು ಸುರಿದ ಸದ್ದು ಕೇಳಿತು.

ಅವಳು ಚಹಾಕ್ಕೆ ಇಟ್ಟಿದ್ದಳು, ದಾವಾ ಸೋತವರು ಇಡುವ ಹಾಗೆ. ಸ್ವಾಮಿದಾಸಪ್ಪನವರು ಬಾಯಲ್ಲಿದ್ದ ಮಾತನ್ನು ಅಲ್ಲಿಗೇ ಬಿಟ್ಟರು.